ದಸರಾ ರಜೆಯನ್ನು ಮಕ್ಕಳಿಗೇ ಬಿಟ್ಟುಬಿಡಿ

ಮಾನ್ಯ ಸಂಪಾದಕರೇ,

ನವರಾತ್ರಿ ಹತ್ತಿರ ಬಂತು. ಹೆತ್ತವರ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಈಗ ಒಂದೇ ಚರ್ಚೆ. ರಜೆಯಲ್ಲಿ ಸ್ಪೆಷಲ್ ಕ್ಲಾಸ್ ಯಾವಾಗಿನಿಂದ, ಟ್ಯೂಷನ್ ಬೆಳಗ್ಗೆಯಾ ಸಂಜೆಯಾ, ಯಾವ ಕ್ಯಾಂಪಿಗೆ ಸೇರಿಸಿದರೆ ಒಳ್ಳೆಯದು. ಮಕ್ಕಳನ್ನೇ ಒಂದು ಮಾತು ಕೇಳೋಣ ಅಂದವರನ್ನು ನಾನು ಕಂಡಿಲ್ಲ. ಅದಕ್ಕೇ ಈ ಪತ್ರ. ದಸರಾ ರಜೆಯನ್ನು, ಸಾಧ್ಯವಾದರೆ ಅಲ್ಲಿಂದ ದೀಪಾವಳಿ, ತುಳಸಿ ಪೂಜೆಯವರೆಗಿನ ಸಂಜೆಗಳನ್ನೂ ಮಕ್ಕಳಿಗೇ ಬಿಟ್ಟುಬಿಡಿ ಅಂತ ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಅಪ್ಪ-ಅಮ್ಮಂದಿರನ್ನು, ಶಾಲೆಯವರನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತಿದ್ದೇನೆ. ಮಕ್ಕಳ ಮನಸ್ಸು ಹಗುರಾಗುವುದಕ್ಕೆ ನಮ್ಮ ಊರಲ್ಲಿ ಶರತ್ಕಾಲದಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ನಾನು ಉಡುಪಿ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ನಮ್ಮಲ್ಲಿ ಹೆಚ್ಚುಕಡಿಮೆ ಒಟ್ಟಿಗೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಸರಾಸರಿ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಮಕ್ಕಳ ಪಾಲಿಗೆ ಇದರ ಅರ್ಥ ಏನು ಅಂದರೆ, ಆಟದ ಪೀರಿಯಡ್ ಇದ್ದೂ ಇಲ್ಲ. ಮೈದಾನದಲ್ಲಿ ನೀರು. ಮಧ್ಯಾಹ್ನ ಊಟ ಆದ ಮೇಲೂ ಅದೇ ಕೋಣೆ, ಅದೇ ಬೆಂಚು, ಒದ್ದೆ ಯೂನಿಫಾರ್ಮಿನ ವಾಸನೆ. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ನಾನು ಹೇಳಿದ್ದು ಹಿಂದಿನ ಸಾಲಿಗೆ ಕೇಳುವುದಿಲ್ಲ. ಮನೆಗೆ ಹೋದರೆ ಅಲ್ಲಿಯೂ ಒಳಗೇ, ಕೈಯಲ್ಲಿ ಮೊಬೈಲ್. ಡೀಸಿ ರಜೆ ಕೊಟ್ಟ ದಿನ ಖುಷಿ ಏನೋ ಹೌದು, ಆದರೆ ಆ ರಜೆಯನ್ನು ಆಮೇಲೆ ಶನಿವಾರ ಮಧ್ಯಾಹ್ನ ಕೂತು ತೀರಿಸಬೇಕು. ಆಗಸ್ಟ್ ಮುಗಿಯುವ ಹೊತ್ತಿಗೆ ತರಗತಿಯಲ್ಲಿ ಜಗಳ ಜಾಸ್ತಿಯಾಗುವುದನ್ನು ಪ್ರತಿ ವರ್ಷ ನೋಡುತ್ತೇನೆ. ಒಂದು ಪೆನ್ಸಿಲ್ಲಿಗಾಗಿ ಹೊಡೆದಾಟ. ಯಾಕೆ ಅಳುತ್ತಿದ್ದೀ ಅಂದರೆ ಹೇಳಲು ಬಾರದ ಮಕ್ಕಳು. ಮಳೆಯ ಮೇಲೆ ನನಗೆ ಸಿಟ್ಟಿಲ್ಲ, ಮಳೆ ನಮ್ಮ ಅನ್ನ. ಆದರೆ ನಾಲ್ಕು ತಿಂಗಳು ಒಳಗೇ ಕೂತ ಮಕ್ಕಳಿಗೆ ಹೊರಗೆ ಹೋಗುವ ಬಾಗಿಲು ತೆರೆಯುವುದು ದಸರಾ ಹೊತ್ತಿಗೆ. ಸರಿಯಾಗಿ ಆಗಲೇ ನಾವು ಟ್ಯೂಷನ್ ಕ್ಲಾಸಿನ ಬಾಗಿಲು ತೆರೆಯುತ್ತೇವೆ.

ಶರತ್ಕಾಲದಲ್ಲಿ ಮಕ್ಕಳ ಮನಸ್ಸನ್ನು ನೋಡಿಕೊಳ್ಳುವುದು ಹೇಗೆ ಅಂತ ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗುವುದು ಬಹುಪಾಲು ಚಳಿ ದೇಶಗಳ ಸಲಹೆ. ಅವರಿಗೆ ಅದು ಸರಿ. ಲಂಡನ್‌ನಲ್ಲಿ ಸೆಪ್ಟೆಂಬರ್ ಕೊನೆಗೆ ಸುಮಾರು 12 ಗಂಟೆ ಇರುವ ಹಗಲು ಡಿಸೆಂಬರ್ ಹೊತ್ತಿಗೆ 8 ಗಂಟೆಗಿಂತ ಕಡಿಮೆಯಾಗುತ್ತದೆ. ಬೆಳಕು ಕುಗ್ಗಿದ ಹಾಗೆ ಕೆಲವರ ಮನಸ್ಸೂ ಕುಗ್ಗುತ್ತದೆ ಅನ್ನುವುದನ್ನು 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ವಿವರವಾಗಿ ಬರೆದರು. ಅಲ್ಲಿ ಹೊಸ ತರಗತಿ ಶುರುವಾಗುವುದೂ ಆಗಲೇ. ನಮ್ಮದು ಪೂರ್ತಿ ಬೇರೆ. ಮಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ನಮ್ಮ ಕತ್ತಲು ಮಳೆಗಾಲದ ಮೋಡದ್ದು, ಅದು ಸರಿಯುವುದೇ ಶರತ್ಕಾಲದಲ್ಲಿ. ಅಲ್ಲಿಯವರು ಮಕ್ಕಳನ್ನು ಬೆಚ್ಚಗೆ ಒಳಗೆ ಕರೆದುಕೊಳ್ಳುವ ತಿಂಗಳಲ್ಲಿ ನಾವು ನಮ್ಮ ಮಕ್ಕಳನ್ನು ಹೊರಗೆ ಕಳಿಸಬೇಕು. ಬೆಳಗಿನ ಬಿಸಿಲು ಮೈಗೆ ಬಿದ್ದರೆ ರಾತ್ರಿ ನಿದ್ದೆ ಸರಿಯಾಗುತ್ತದೆ, ನಿದ್ದೆ ಸರಿಯಾದರೆ ಅರ್ಧ ರಗಳೆ ಕಡಿಮೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ದಣಿಸಿ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮಕ್ಕಳಿಗೆ ಜುಲೈಯಲ್ಲಿ ಅದು ಸಿಗುವುದಿಲ್ಲ. ಅಕ್ಟೋಬರಿನಲ್ಲಿಯೂ ಸಿಗದಿದ್ದರೆ ಅದಕ್ಕೆ ಕಾರಣ ನಾವು ದೊಡ್ಡವರು.

ಯಾಕೆ ಹೀಗಾಗಿದೆ ಅಂತ ಎಲ್ಲರಿಗೂ ಗೊತ್ತುಂಟು. ಎಸೆಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಅದೇ ವರ್ಷ ಪಿಯುಸಿಯಲ್ಲಿಯೂ ಮೊದಲ ಎರಡು ಸ್ಥಾನ ನಮ್ಮವೇ. ಹೆಮ್ಮೆಯ ವಿಷಯವೇ, ನನಗೂ ಹೆಮ್ಮೆ. ಆದರೆ ಹತ್ತನೇ ತರಗತಿಯಲ್ಲಿ ಇರಬೇಕಾದ ಒತ್ತಡ ಈಗ ಐದನೇ ತರಗತಿಗೆ ಇಳಿದಿದೆ. ಭಾನುವಾರ ರಾತ್ರಿ ಶುರುವಾಗಿ ಸೋಮವಾರ ಬೆಳಗ್ಗೆ ಜೋರಾಗಿ, ಬಸ್ ಹೋದ ಮೇಲೆ ಕಡಿಮೆಯಾಗುವ ಹೊಟ್ಟೆನೋವನ್ನು ನೋಡಿದ ಅಮ್ಮಂದಿರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ. ಆ ಮಗು ಸುಳ್ಳು ಹೇಳುತ್ತಿಲ್ಲ. ಹೆದರಿಕೆ ಆದಾಗ ಚಿಕ್ಕ ಮಕ್ಕಳಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಅವರ ಮನಸ್ಸಿನ ನೋವು ಮೊದಲು ಕಾಣಿಸಿಕೊಳ್ಳುವುದೇ ಮೈಯಲ್ಲಿ. ಡಾಕ್ಟರಿಗೆ ತೋರಿಸಿ, ಅವರು ಏನೂ ತೊಂದರೆ ಇಲ್ಲ ಅಂದ ಮೇಲೆ ಮಗುವಿಗೆ ಬೈಯುವುದು ಬೇಡ. ಹೆದರಿಕೆ ಯಾವುದರದ್ದು ಅಂತ ಹುಡುಕಬೇಕು.

ಹೆದರಿಕೆ ಅಂದಾಗ, ನವರಾತ್ರಿಯಲ್ಲಿ ಮೈಗೆ ಹುಲಿಯ ಬಣ್ಣ ಹಾಕಿ ಮನೆಮನೆಗೆ ಕುಣಿಯುತ್ತಾ ಬರುವ ಹುಲಿವೇಷದ ಬಗ್ಗೆ ಹೇಳಲೇಬೇಕು. ನಮ್ಮ ಮಕ್ಕಳು ಹೆದರಿಕೆಯ ಜೊತೆ ಬದುಕಲು ಕಲಿಯುತ್ತಿದ್ದದ್ದು ಇಲ್ಲಿಯೇ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ತಾಸೆ ವಾದ್ಯದ ಸದ್ದು ದೂರದಲ್ಲಿ ಕೇಳಿದ ಕೂಡಲೇ ಮೂರು ವರ್ಷದ ಮಗು ಒಳಗೆ ಓಡುತ್ತದೆ. ಅಜ್ಜಿಯ ಸೀರೆ ಹಿಡಿದು ಬಾಗಿಲ ಸಂದಿಯಿಂದ ನೋಡುತ್ತದೆ. ಮಾರನೇ ದಿನ ಇನ್ನೊಂದು ತಂಡ ಬಂದಾಗ ಜಗಲಿಯವರೆಗೆ ಬರುತ್ತದೆ, ಹುಲಿ ತಿರುಗಿದರೆ ಮತ್ತೆ ಒಳಗೆ. ನವರಾತ್ರಿ ಮುಗಿಯುವಷ್ಟರಲ್ಲಿ ಅದೇ ಮಗು ಅಕ್ಕನ ಕೈ ಹಿಡಿದು ತಂಡದ ಹಿಂದೆ ಪಕ್ಕದ ಮನೆಯ ಅಂಗಳದವರೆಗೆ ಹೋಗಿ ಬರುತ್ತದೆ, ಹುಲಿಗಳು ಅಕ್ಕಿಮುಡಿಯನ್ನು, ಅಂದರೆ ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮೂಟೆಯನ್ನು, ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವುದನ್ನು ಬಾಯಿ ಬಿಟ್ಟು ನೋಡುತ್ತದೆ. ಮಾರನೆಯ ವಾರ ಮನೆಯಲ್ಲಿ ಅದೇ ಹುಲಿ. ಯಾರೂ ದೂಡಲಿಲ್ಲ, ಯಾರೂ ಪಾಠ ಮಾಡಲಿಲ್ಲ. ತನ್ನ ಹೆದರಿಕೆಗೆ ಎಷ್ಟು ಹತ್ತಿರ ಹೋಗಬೇಕು ಅಂತ ಮಗುವೇ ತೀರ್ಮಾನ ಮಾಡಿತು. ಮನೋವೈದ್ಯರು ಭಯ ಬಿಡಿಸುವಾಗ ಮಾಡುವುದೂ ಇದನ್ನೇ, ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಹೋಗುವುದು.

ಈಗ ಏನಾಗುತ್ತಿದೆ ನೋಡಿ. ಅಳುವ ಮಗುವನ್ನು ಎತ್ತಿ ಹುಲಿಯ ಮುಖದ ಎದುರು ಹಿಡಿಯುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾರೆ, ಸುತ್ತ ನಿಂತವರು ನಗುತ್ತಾರೆ, ಸಂಜೆಗೆ ಅದು ಸ್ಟೇಟಸ್. ದಯವಿಟ್ಟು ಹಾಗೆ ಮಾಡಬೇಡಿ. ಹೆದರಿದಾಗ ಬಚ್ಚಿಟ್ಟುಕೊಳ್ಳಲು ಇದ್ದ ಜಾಗವೇ ತನ್ನನ್ನು ಹುಲಿಗೆ ಕೊಟ್ಟಿತು ಅಂತ ಆ ಮಗುವಿಗೆ ಅನಿಸುತ್ತದೆ. ತುಂಬಾ ಹೆದರುವ ಮಗುವಾದರೆ ಬೆಳಗ್ಗೆ ಬಣ್ಣ ಹಾಕುವ ಕಡೆಗೆ ಕರೆದುಕೊಂಡು ಹೋಗಿ. ಊದು ಪೂಜೆ ಆದ ಮೇಲೆ ಪಕ್ಕದ ಮನೆಯ ಅಣ್ಣ ಕೈ ಚಾಚಿಕೊಂಡು ನಿಂತಿರುತ್ತಾನೆ, ಮೈಮೇಲೆ ಹಳದಿ ಬರುತ್ತದೆ, ಆಮೇಲೆ ಕಪ್ಪು ಪಟ್ಟೆ, ನಡುನಡುವೆ ಅವನು ಸ್ಟ್ರಾ ಹಾಕಿ ಜ್ಯೂಸ್ ಕುಡಿಯುತ್ತಾನೆ. ಹುಲಿಯ ಒಳಗೆ ಅಣ್ಣ ಇದ್ದಾನೆ ಅಂತ ಗೊತ್ತಾದ ಮಗುವಿನ ಮುಖ ನೋಡಬೇಕು.

ತೆನೆ ಹಬ್ಬದ ವಿಷಯವೂ ಹಾಗೆಯೇ. ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ (ಮಾತೆ ಮೇರಿಯ ಹುಟ್ಟುಹಬ್ಬಕ್ಕೆ) ಮೊದಲು ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಇಗರ್ಜಿಗೆ ಒಯ್ಯುತ್ತಾರೆ, ಹಬ್ಬದ ದಿನ ಹೊಸ ತೆನೆ ಮನೆಗೆ ಬರುತ್ತದೆ. ಹಿಂದೂ ಮನೆಗಳಲ್ಲಿ ಮನೆ ತುಂಬಿಸುವ ದಿನ ತೆನೆಯನ್ನು ಮಾವು, ಹಲಸಿನ ಎಲೆಯಲ್ಲಿ ಸುತ್ತಿ ಬಾಗಿಲಿಗೆ, ಬಾವಿಕಟ್ಟೆಗೆ, ತೆಂಗಿನ ಮರಕ್ಕೆ ಕಟ್ಟುತ್ತೇವೆ. ಇದರಲ್ಲಿ ಮಕ್ಕಳಿಗೆ ಒಂದು ಸಣ್ಣ ಕೆಲಸ ಕೊಡಿ, ಫೋಟೊಕ್ಕೆ ನಿಲ್ಲಿಸುವುದಕ್ಕಾಗಿ ಬೇಡ, ನಿಜವಾದ ಕೆಲಸ. ತಾನು ತಂದ ಹೂ ಇಲ್ಲದಿದ್ದರೆ ಇವತ್ತು ಆಗುವುದಿಲ್ಲ ಅನ್ನುವ ಭಾವನೆ ಮಗುವಿಗೆ ಬಹಳ ದೊಡ್ಡದು. ಮಾರ್ಕ್ ಕಡಿಮೆ ಬರುವ ಮಕ್ಕಳಿಗಂತೂ ಇನ್ನೂ ದೊಡ್ಡದು. ಅವರನ್ನು ವರ್ಷಪೂರ್ತಿ ಯಾರೂ ಯಾವುದಕ್ಕೂ ನೆಚ್ಚಿಕೊಂಡಿರುವುದಿಲ್ಲ.

ಹೊರಗೆ ಕರೆದುಕೊಂಡು ಹೋಗಿ ಅಂದರೆ ಮಾಲ್‌ಗೆ ಅಂತ ತಿಳಿಯಬೇಡಿ. ಗದ್ದೆ ಬದುವಿನ ಮೇಲೆ ನಡೆಯಿರಿ. ಈ ತಿಂಗಳಲ್ಲಿ ಮೈದಾನದ ಮೇಲೆ ಏರೋಪ್ಲೇನ್ ಚಿಟ್ಟೆಗಳು (ಡ್ರ್ಯಾಗನ್‌ಫ್ಲೈ) ಹಿಂಡುಹಿಂಡಾಗಿ ಹಾರುತ್ತವೆ, ಎಲ್ಲರೂ ನೋಡಿದ್ದೇವೆ. ಮಾಲ್ಡೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆ್ಯಂಡರ್ಸನ್ 2009ರಲ್ಲಿ ಇವುಗಳ ಬಗ್ಗೆ ಬರೆದರು. ಹಳದಿ ಮೈಯ ಒಂದು ಜಾತಿಯ ಏರೋಪ್ಲೇನ್ ಚಿಟ್ಟೆಗಳು ಮಳೆಗಾಲ ಮುಗಿದ ಮೇಲೆ ಭಾರತದಿಂದ ಹೊರಟು, ಮಾಲ್ಡೀವ್ಸ್ ದಾಟಿ, ಸಮುದ್ರದ ಮೇಲೆಯೇ ಹಾರಿಕೊಂಡು ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ ಅಂತ. ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಬಾಯಿ ಬಿಡದ ಮಕ್ಕಳೂ ಪ್ರಶ್ನೆ ಕೇಳುತ್ತಾರೆ. ಅಷ್ಟು ದೂರ ಹೋದರೆ ಎಲ್ಲಿ ಮಲಗುತ್ತವೆ, ಅಮ್ಮ-ಮಕ್ಕಳು ಒಟ್ಟಿಗೆ ಹೋಗುತ್ತವಾ, ವಾಪಸ್ ಬರುತ್ತವಾ. ಕೇಳಿಸಿಕೊಳ್ಳುವವರಿಗೆ ಆ ಪ್ರಶ್ನೆಗಳಲ್ಲಿಯೇ ಮಗುವಿನ ಮನಸ್ಸು ಕಾಣುತ್ತದೆ. ಎದುರು ಕೂರಿಸಿ "ಇವತ್ತು ಶಾಲೆಯಲ್ಲಿ ಎಂತ ಆಯ್ತು" ಅಂತ ಕೇಳಿದರೆ "ಎಂತ ಇಲ್ಲ" ಅನ್ನುವ ಮಗು, ಪಕ್ಕದಲ್ಲಿ ನಡೆಯುತ್ತಾ ಹೋದರೆ ತಾನಾಗಿಯೇ ಹೇಳುತ್ತದೆ. ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲವಲ್ಲ, ಅದಕ್ಕೆ. ಹೇಳುವಾಗ ನಡುವೆ ಬುದ್ಧಿವಾದ ಹಾಕಬೇಡಿ. ಗಂಡು ಮಕ್ಕಳು ಅತ್ತರೆ ಅಳಲಿ.

ಎರಡು ಎಚ್ಚರಿಕೆ ಮಾತ್ರ ಬೇಕು. ಹಿಂಗಾರಿನ ಗುಡುಗು-ಮಿಂಚು ಮಧ್ಯಾಹ್ನದ ಮೇಲೆ ಇದ್ದಕ್ಕಿದ್ದಂತೆ ಬರುತ್ತದೆ, ಮೊದಲ ಗುಡುಗಿಗೇ ಮೈದಾನ ಬಿಟ್ಟು ಮನೆಯೊಳಗೆ ಬರುವುದನ್ನು ಕಲಿಸಿ. ಬಿಸಿಲು ಬಂದ ಕೂಡಲೇ ಸಮುದ್ರ ಶಾಂತವಾಗಿರುವುದಿಲ್ಲ. ಮಲ್ಪೆ, ಪಣಂಬೂರು, ಕಾಪು ಎಲ್ಲಿಗೇ ಹೋದರೂ ಲೈಫ್‌ಗಾರ್ಡ್ ಹೇಳಿದ ಹಾಗೆ ಕೇಳಿ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳಬೇಕು ಅನಿಸುವ ವಿಷಯ. ನಮ್ಮ ಎರಡೂ ಜಿಲ್ಲೆಗಳಲ್ಲಿ ಅಪ್ಪ ಗಲ್ಫ್‌ನಲ್ಲಿ, ಮುಂಬೈಯಲ್ಲಿ, ಹಡಗಿನಲ್ಲಿ ಇರುವ ಮಕ್ಕಳು ಎಷ್ಟೊಂದು. ಮಲ್ಪೆ, ಗಂಗೊಳ್ಳಿ ಕಡೆಯ ಮೀನುಗಾರರ ಮನೆಗಳಲ್ಲಿ ಜೂನ್, ಜುಲೈಯ 61 ದಿನದ ಮೀನುಗಾರಿಕೆ ನಿಷೇಧದಲ್ಲಿ ಅಪ್ಪ ಮನೆಯಲ್ಲಿ, ಆಮೇಲೆ ಆಳಸಮುದ್ರದ ಬೋಟಿಗೆ ಹೋದರೆ ವಾರ, ಹತ್ತು ದಿನ ಕಾಣುವುದಿಲ್ಲ. ಹಬ್ಬ ಬಂದಾಗ ಈ ಮಕ್ಕಳಿಗೆ ಹೊಸ ಬಟ್ಟೆ, ಪಟಾಕಿ, ಕೆಲವೊಮ್ಮೆ ಹೊಸ ಸೈಕಲ್ ಬರುತ್ತದೆ. ಅಪ್ಪ ಬರುವುದಿಲ್ಲ. ಆ ಬಗ್ಗೆ ಯಾರೂ ಮಾತಾಡುವುದೂ ಇಲ್ಲ. ಮಾತಾಡಿದರೆ ಮಗು ಅಳಬಹುದು, ಅಮ್ಮನಿಗೂ ತಡೆಯಲಾಗದು ಅಂತ ಹೆದರಿಕೆ.

ನಮ್ಮ ಹಿರಿಯರ ದೀಪಾವಳಿಯಲ್ಲಿ ಇದಕ್ಕೆ ಜಾಗ ಇತ್ತು. ಸಂಜೆ ಗದ್ದೆಗೆ ದೀಪ ಒಯ್ದು ಬಲೀಂದ್ರನನ್ನು, ಅಂದರೆ ಬಲಿ ಚಕ್ರವರ್ತಿಯನ್ನು, ಕರೆಯುತ್ತೇವೆ. ನಾಡು ಬಿಟ್ಟು ಹೋದವನು ವರ್ಷಕ್ಕೊಮ್ಮೆ ಬಂದು ನೋಡಿ ಹೋಗಬಹುದು ಅನ್ನುವ ಕತೆ. ಪೂರ್ತಿಯಾಗಿ ವಾಪಸ್ ಬರುವುದು ಯಾವಾಗ ಅಂದರೆ ಬೆಣಚುಕಲ್ಲು ಹೂ ಬಿಟ್ಟಾಗ. ಹಿರಿಯರು ಒಂದೊಂದು ಸಾಲು ಹೇಳಿದಾಗ ಮಕ್ಕಳೆಲ್ಲ ಸೇರಿ ಗಂಟಲು ಹರಿಯುವ ಹಾಗೆ "ಕೂ" ಅಂತ ಕೂಗುತ್ತಾರೆ, ಆಚೆ ಗದ್ದೆಯಿಂದ ಇನ್ನೊಂದು ಮನೆಯವರ ಕೂ ಬರುತ್ತದೆ. ದೂರ ಇರುವವರನ್ನು ಜೋರಾಗಿ ಕೂಗಿ ಕರೆಯುವುದಕ್ಕೆ ಮಕ್ಕಳಿಗೆ ಒಪ್ಪಿಗೆ ಕೊಟ್ಟ ಹಬ್ಬ ಇದು! ಫ್ಲ್ಯಾಟ್‌ನಲ್ಲಿ ಇದ್ದರೂ ಅಜ್ಜನ ಮನೆಗೋ ಪರಿಚಯದವರ ಗದ್ದೆಗೋ ಕರೆದುಕೊಂಡು ಹೋಗಿ ಒಮ್ಮೆ ಕೂಗಿಸಿ. ಹಬ್ಬ ನಿಮ್ಮದಲ್ಲದಿದ್ದರೆ ಸಮುದ್ರದ ದಡ ಉಂಟಲ್ಲ, ಅದು ಎಲ್ಲರದ್ದು. ವಿಡಿಯೊ ಕಾಲ್ ಬಂದಾಗ "ಅಪ್ಪನಿಗೆ ನಿನ್ನ ಮಾರ್ಕ್ ಹೇಳು" ಅನ್ನುವ ಬದಲು "ಅಪ್ಪ ಇಲ್ಲದೆ ಬೇಜಾರಾಗ್ತದಾ, ಅಪ್ಪನಿಗೇ ಹೇಳು" ಅನ್ನಿ. ಅಪ್ಪಂದಿರಿಗೂ ಒಂದು ಮಾತು. ಮಗು ಅತ್ತರೆ ಕೂಡಲೇ "ಏನು ತರಲಿ ನಿಂಗೆ" ಅಂತ ಕೇಳಬೇಡಿ. ನನಗೂ ಬೇಜಾರಾಗ್ತದೆ ಮಗಾ ಅಂದರೆ ಸಾಕು.

ಹಬ್ಬದ ಗದ್ದಲ ಎಲ್ಲ ಮಕ್ಕಳಿಗೂ ಹಿಡಿಸುವುದಿಲ್ಲ ಅನ್ನುವುದನ್ನೂ ಹೇಳಬೇಕು. ಆಟಿಸಂ ಇರುವ ಮಕ್ಕಳಿಗೆ, ಕೆಲವು ಸೂಕ್ಷ್ಮ ಮಕ್ಕಳಿಗೆ ಡಿಜೆ ಸದ್ದು ನಿಜವಾದ ನೋವು. ಕಿವಿ ಮುಚ್ಚಿಕೊಂಡು ಕೂತ ಮಗುವನ್ನು ಹಟಮಾರಿ ಅನ್ನಬೇಡಿ, ಮನೆಗೆ ಕರೆದುಕೊಂಡು ಹೋಗಿ. ಪಟಾಕಿಗೆ ರಾತ್ರಿ 8ರಿಂದ 10 ಅಂತ ಸುಪ್ರೀಂ ಕೋರ್ಟ್ 2018ರಲ್ಲಿಯೇ ಹೇಳಿದೆ, ಅಷ್ಟನ್ನಾದರೂ ಪಾಲಿಸೋಣ. ಶಾರದಾ ಮೆರವಣಿಗೆಯ ಸಮಿತಿಯವರು ದಾರಿಯ ಒಂದಿಷ್ಟು ಭಾಗದಲ್ಲಿ ಡಿಜೆ ನಿಲ್ಲಿಸಿ ಚೆಂಡೆ, ತಾಸೆ ಮಾತ್ರ ಇಟ್ಟರೆ, ಅಲ್ಲಿ ಈ ಮಕ್ಕಳೂ ನಿಂತು ನೋಡಬಹುದು, ಅಲ್ವಾ?

ರಜೆ ಮುಗಿದ ಮೇಲೆ ಶಾಲೆಯ ಮೊದಲ ವಾರ ಇನ್ನೊಂದು ಕಷ್ಟ. ಸೆಪ್ಟೆಂಬರಿನ ಪರೀಕ್ಷೆಯ ಮಾರ್ಕ್ ಕೊಡುವುದು ಆಗಲೇ. ಹುಲಿವೇಷ ನೋಡಿ, ಗದ್ದೆ ಸುತ್ತಿ ಬಂದ ಮಗುವಿಗೆ ಮೊದಲ ದಿನವೇ ಎಲ್ಲರ ಎದುರು ಮಾರ್ಕ್ ಓದಿ ಹೇಳಿದರೆ ರಜೆಯ ಗುಣ ಪೂರಾ ಹೋಗುತ್ತದೆ. ನನ್ನ ಸಹೋದ್ಯೋಗಿಗಳನ್ನು ಕೇಳಿಕೊಳ್ಳುತ್ತೇನೆ. ಪೇಪರನ್ನು ಮಡಚಿ ಕೈಗೆ ಕೊಡಿ, ಎದುರಿಗೆ ಓದಬೇಡಿ. ಮೊದಲ ದಿನ ರಜೆಯಲ್ಲಿ ಕಂಡದ್ದನ್ನು ಚಿತ್ರ ಬಿಡಿಸಲಿ, ಹೇಳಲಿ. ಎಲ್ಲಿಗೂ ಹೋಗದ ಮಕ್ಕಳೂ ಇರುತ್ತಾರೆ, ಅವರು ಮನೆಯ ಹಿತ್ತಲಿನದ್ದು ಹೇಳಲಿ. ಬ್ಯಾಗ್ ಇಲ್ಲದ ದಿನ ಅಂತ ಸರ್ಕಾರವೇ ಸಂಭ್ರಮ ಶನಿವಾರ ಕೊಟ್ಟಿದೆ. ಅದನ್ನು ಈ ತಿಂಗಳುಗಳಲ್ಲಿ ಸಿಲೆಬಸ್ ಮುಗಿಸಲು ತಿನ್ನಬೇಡಿ, ಮಕ್ಕಳನ್ನು ಮರದ ಕೆಳಗೆ ಕೂರಿಸಿ.

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ನಮ್ಮ ಕೋಟದಲ್ಲಿ 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ್ದೂ ಅದೇ ತಾರೀಕು. ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟ, ಕುಣಿತ, ಚಿತ್ರ, ಸುತ್ತಾಟದ ಮೂಲಕ ಕಲಿಸಲು ಹೊರಟವರು ಅವರು. ಈ ಊರಿಗೆ ಇದು ಹೊಸ ವಿಷಯವೇ ಅಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಕ್ಕಳಿಗೆ ಯಾವುದಾದರೂ ಮಾನಸಿಕ ತೊಂದರೆ ಇತ್ತು. 40 ಮಕ್ಕಳ ತರಗತಿಯಲ್ಲಿ ಹೆಚ್ಚುಕಡಿಮೆ ಮೂವರು. ಅವರಿಗೆ ಬಿಸಿಲು, ಗದ್ದೆ, ಹಬ್ಬ ಮಾತ್ರ ಸಾಲದು. ಮಗು ಎರಡು ವಾರಕ್ಕಿಂತ ಜಾಸ್ತಿ ಸರಿಯಾಗಿ ನಿದ್ದೆ ಮಾಡದಿದ್ದರೆ, ಊಟ ಬಿಟ್ಟರೆ, ಇಷ್ಟದ ಆಟವೂ ಬೇಡ ಅಂದರೆ, ಕೈಗೆ ಗಾಯ ಮಾಡಿಕೊಂಡರೆ, ನಾನು ಇಲ್ಲದಿದ್ದರೆ ಒಳ್ಳೆಯದಿತ್ತು ಅನ್ನುವ ಮಾತು ಒಂದು ಸಲ ಬಂದರೂ, ಹಬ್ಬ ಮುಗಿಯಲಿ ಅಂತ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದೇ ಶುರುವಾದದ್ದು, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಮಗುವಿಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ 1098. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಗಳಿಗೂ ಹೋಗಬಹುದು. ಜನ ಏನು ಹೇಳುತ್ತಾರೆ ಅನ್ನುವ ಚಿಂತೆಗೆ ಮಗುವಿನ ಜೀವ ಒತ್ತೆ ಇಡಬೇಡಿ.

ಕೊನೆಗೆ ನಿಮ್ಮಲ್ಲಿಯೇ ಒಂದು ಬೇಡಿಕೆ, ಸಂಪಾದಕರೇ. ರಿಸಲ್ಟ್ ಬಂದಾಗ ಪುಟಗಟ್ಟಲೆ ಮಕ್ಕಳ ಫೋಟೊ, ಮಾರ್ಕ್ ಹಾಕುತ್ತೀರಿ. ಈ ಸಲ ನವರಾತ್ರಿಯಿಂದ ತುಳಸಿ ಪೂಜೆಯವರೆಗೆ ವಾರಕ್ಕೆ ಅರ್ಧ ಪುಟ ಮಕ್ಕಳಿಗೆ ಕೊಡಿ. ಅವರು ಕಂಡ ಹುಲಿ, ಹೆದರಿದ್ದು, ಸಿಟ್ಟು ಬಂದದ್ದು, ಅಪ್ಪನಿಗೆ ಹೇಳಬೇಕೆಂದಿದ್ದು, ಗದ್ದೆಯಲ್ಲಿ ಸಿಕ್ಕಿದ್ದು, ಅವರದ್ದೇ ಭಾಷೆಯಲ್ಲಿ ಇರಲಿ, ತಪ್ಪು ತಿದ್ದಬೇಡಿ. ಸ್ಪರ್ಧೆ ಅಂತ ಹೆಸರಿಡಬೇಡಿ, ಬಹುಮಾನವೂ ಬೇಡ. ನಮ್ಮ ಶಾಲೆಯ ಮಕ್ಕಳ ಬರಹಗಳನ್ನು ರಜೆ ಮುಗಿದ ಮೊದಲ ವಾರವೇ ಕಳಿಸಿಕೊಡುತ್ತೇನೆ.

ಇಂತಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ,
ಕಾಪು, ಉಡುಪಿ ಜಿಲ್ಲೆ